ಕುಷ್ಟಣ್ಣ ತಂದ ಎಡಬಾಗಿಲು

ಆ ಭಾನುವಾರ ಮಧ್ಯಾಹ್ನ ಕುಂದಾಪುರದಲ್ಲಿ ತಲ್ಲೂರಿನ ಬಸ್ಸು ಹತ್ತುವಾಗ ಕುಷ್ಟಣ್ಣನ ಕಂಕುಳಲ್ಲಿ ಒಂದು ಕಾರಿನ ಬಾಗಿಲಿತ್ತು. ಕೆಂಪು ಬಣ್ಣದ್ದು. ಒಳಮೈಗೆ ಕಂದು ಚರ್ಮ ಹೊದಿಸಿದ್ದರು, ಹಿಡಿ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಕಾರು ಮಾತ್ರ ಎಲ್ಲಿಯೂ ಕಾಣಿಸುತ್ತಿರಲಿಲ್ಲ.

ಇದು ಹೇಗಾಯಿತು ಎಂಬುದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಆ ದಿನ ಕುಷ್ಟಣ್ಣ ಇದನ್ನು ಹೇಳಲು ಹೊರಟಾಗಲೆಲ್ಲ ಜನ ಅವನನ್ನು ಹಿಡಿದು ಮಲಗಿಸುತ್ತಿದ್ದರು.

ಕುಷ್ಟಣ್ಣನದು ತಲ್ಲೂರಿನಲ್ಲಿ ಶಾಮಿಯಾನದ ಅಂಗಡಿ. ಮದುವೆಯಿರಲಿ, ಸತ್ತವರ ಬೊಜ್ಜದ ಊಟವಿರಲಿ, ಶಾಲೆಯ ವಾರ್ಷಿಕೋತ್ಸವವಿರಲಿ, ಕಂಬ ನೆಟ್ಟು ಕುರ್ಚಿ ಹಾಕಿದ ಮೇಲೆ ಉಳಿದ ಶಾಮಿಯಾನದವರು ಮನೆಗೆ ಹೋಗುತ್ತಾರೆ. ಕುಷ್ಟಣ್ಣ ಹೋಗುವುದಿಲ್ಲ. ಕೆಳಗೆ ಏನು ನಡೆಯುತ್ತದೆ ಎಂದು ನೋಡದೆ ಅವನ ಕಾಲು ಏಳುವುದಿಲ್ಲ. ಕಣ್ಣಿನ ತಪಾಸಣೆಯ ಶಿಬಿರಕ್ಕೆ ಕುರ್ಚಿ ಹಾಕಲು ಹೋದವನು ಸಾಲಿನಲ್ಲಿ ನಿಂತು ಕನ್ನಡಕ ಹಾಕಿಕೊಂಡು ಬಂದಿದ್ದ. ಅದರಲ್ಲಿ ಅವನಿಗೆ ಹೆಂಡತಿ ತುಂಗಾ ಇಬ್ಬರಾಗಿ ಕಾಣುತ್ತಿದ್ದಳು. ಒಬ್ಬಳನ್ನೇ ಸುಧಾರಿಸುವುದು ಕಷ್ಟವಾದ್ದರಿಂದ ಆ ಕನ್ನಡಕವನ್ನು ತೆಗೆದಿಟ್ಟ.

ಇದರ ಜೊತೆಗೆ ಅವನಿಗೆ ಇನ್ನೊಂದು ಗುಣವಿತ್ತು. ತನಗೆ ಗೊತ್ತಿಲ್ಲದ್ದು ಎಷ್ಟಿದ್ದರೂ ಅವನಿಗೆ ಬೇಸರವಿರಲಿಲ್ಲ. ಆದರೆ ಗೊತ್ತಿಲ್ಲ ಎಂಬುದು ಎದುರಿನವರಿಗೆ ಗೊತ್ತಾಗಬಾರದು. ಯಾರು ಏನು ಕೇಳಿದರೂ ಮೊದಲು ‘ಹೌದೌದು’ ಎಂದು ತಲೆಯಾಡಿಸಿ, ಕೇಳಿದ್ದೇನು ಎಂದು ಆಮೇಲೆ ಯೋಚಿಸುತ್ತಿದ್ದ.

ಕುಂದಾಪುರದ ಹೆದ್ದಾರಿ ಬದಿಯ ಮೈದಾನದಲ್ಲಿ ಹಳೆಯ ಸ್ಪೋರ್ಟ್ಸ್ ಕಾರುಗಳ ಪ್ರದರ್ಶನ ಮತ್ತು ಸ್ವಾಪ್ ಮೀಟ್ ಇದೆ, ಶಾಮಿಯಾನ ಹಾಕಬೇಕು ಎಂದು ಯಾರೋ ಫೋನು ಮಾಡಿದಾಗಲೂ ಹೀಗೇ ಆಯಿತು. ಸ್ವಾಪ್ ಮೀಟ್ ಅಂದರೆ ಏನು ಎಂದು ತುಂಗಾ ಕೇಳಿದಳು. ಕುಷ್ಟಣ್ಣ ಒಂದಿಷ್ಟೂ ತಡವರಿಸದೆ, ಅದು ದೊಡ್ಡ ಜನರ ಊಟ, ಮೊದಲು ಸೂಪು ಕೊಡುತ್ತಾರೆ, ಆಮೇಲೆ ಮಾಂಸ ಎಂದು ವಿವರಿಸಿದ. ಶನಿವಾರ ಸಂಜೆ ಶಾಮಿಯಾನದ ಸಾಮಾನನ್ನು ಟೆಂಪೋಗೆ ಹೇರುವಾಗ, ತುಂಗಾ ಕೊಬ್ಬರಿ ಒಣಗಿಸಲು ಇಟ್ಟುಕೊಂಡಿದ್ದ ನೀಲಿ ಟಾರ್ಪಾಲನ್ನೂ ಕುರ್ಚಿ ಮುಚ್ಚಲಿಕ್ಕೆಂದು ಕೇಳಿ ತೆಗೆದುಕೊಂಡ. ಸೋಮವಾರ ಬೆಳಿಗ್ಗೆ ಕಾಯಿ ಒಡೆಯುವುದಿದೆ, ಅಷ್ಟರೊಳಗೆ ಅದು ಮನೆಯಲ್ಲಿ ಇರಬೇಕು ಎಂದು ಹೇಳಿಯೇ ಅವಳು ಕೊಟ್ಟದ್ದು.

ಮೈದಾನದಲ್ಲಿ ಕಂಡದ್ದು ಕುಷ್ಟಣ್ಣ ಈವರೆಗೆ ಎಲ್ಲಿಯೂ ಕಾಣದ ಲೋಕ. ಮಂಗಳೂರು, ಗೋವಾ, ಮೈಸೂರು ಕಡೆಯಿಂದ ಬಂದ ಕಾರುಗಳು ಶಾಮಿಯಾನದ ಕೆಳಗೆ ಸಾಲಾಗಿ ನಿಂತಿದ್ದವು. ಎಲ್ಲವೂ ಕುಳ್ಳ. ಕೆಲವಕ್ಕೆ ತಲೆಯ ಮೇಲೆ ಮುಚ್ಚುವ ಮಾಡೇ ಇಲ್ಲ. ಒಂದರ ಬೆನ್ನು ಆಮೆಯ ಬೆನ್ನಿನಂತಿತ್ತು, ಇನ್ನೊಂದರ ಮೂಗು ಕಾಣೆ ಮೀನಿನ ಹಾಗೆ ಮುಂದೆ ಚಾಚಿತ್ತು. ಒಳ್ಳೆಯ ಬಟ್ಟೆ ಹಾಕಿದ ಗಂಡಸರು ಹೆಂಗಸರು ಮೆತ್ತನೆಯ ಬಟ್ಟೆಯಲ್ಲಿ ಅವುಗಳ ಮೈಯನ್ನು ಎಣ್ಣೆಸ್ನಾನ ಮಾಡಿಸಿದ ಮಗುವಿನ ಮೈಯಂತೆ ಒರೆಸುತ್ತಿದ್ದರು. ಎಲ್ಲಿಯಾದರೂ ಒಂದು ಬಾನೆಟ್ಟು ತೆರೆದರೆ ಸಾಕು, ಅಕ್ಕಪಕ್ಕದವರೆಲ್ಲ ಓಡಿಬಂದು, ಬಾವಿಗೆ ಕೊಡಪಾನ ಬಿದ್ದಾಗ ಬಗ್ಗುವ ಹಾಗೆ ಬಗ್ಗಿ ಮೌನವಾಗಿ ಒಳಗೆ ನೋಡುತ್ತಿದ್ದರು. ಕುಷ್ಟಣ್ಣನೂ ಪ್ರತಿ ಬಾನೆಟ್ಟಿಗೂ ಬಗ್ಗಿದ. ಇದಕ್ಕೆ ಕಾರ್ಬುರೇಟರ್ ಎರಡಲ್ಲವೇ ಎಂದು ಪಕ್ಕದವರು ಕೇಳಿದರೆ ಹೌದೌದು ಎಂದ. ಮುಂದಿನ ಕಾರಿನಲ್ಲಿ ಒಂದೇ ಅಲ್ಲವೇ ಎಂದರೆ ಅದಕ್ಕೂ ಹೌದೌದು ಎಂದ. ಮಧ್ಯಾಹ್ನದ ಹೊತ್ತಿಗೆ ಶಾಮಿಯಾನದ ಈ ಮನುಷ್ಯ ಬಹಳ ತಿಳಿದವನು ಎಂಬ ಅಭಿಪ್ರಾಯ ಎರಡು ಮೂರು ಕಾರುಗಳ ಆಚೀಚೆ ಹರಡಿತ್ತು.

ಮೈದಾನದ ಇನ್ನೊಂದು ಬದಿಯಲ್ಲಿ, ಬಿಸಿಲಿನಲ್ಲಿ, ಕುಂದಾಪುರದ ಶನಿವಾರದ ಸಂತೆಯೇ ಬಂದು ಕೂತಂತಿತ್ತು. ಬಸಳೆ, ಬದನೆಯ ಜಾಗದಲ್ಲಿ ಮಾತ್ರ ದೀಪಗಳು, ಕನ್ನಡಿಗಳು, ಸ್ಟಿಯರಿಂಗುಗಳು, ಹಾರ್ನುಗಳು. ಒಬ್ಬರು ದೀಪ ಕೊಟ್ಟು ಕನ್ನಡಿ ತೆಗೆದುಕೊಳ್ಳುತ್ತಿದ್ದರು, ಆ ಕನ್ನಡಿ ಕೊಟ್ಟವರು ದೀಪವನ್ನು ಇನ್ನೊಬ್ಬರಿಗೆ ಕೊಟ್ಟು ಹಾರ್ನು ತೆಗೆದುಕೊಳ್ಳುತ್ತಿದ್ದರು. ಸ್ವಾಪ್ ಮೀಟ್ ಅಂದರೆ ಅದಲು ಬದಲು ಎಂಬುದು ಕುಷ್ಟಣ್ಣನಿಗೆ ಆಗ ತಿಳಿಯಿತು. ಸೂಪು ಇಲ್ಲ ಎಂಬುದೂ ಅದೇ ಕ್ಷಣಕ್ಕೆ ತಿಳಿದದ್ದರಿಂದ ಜ್ಞಾನೋದಯದ ಸಂತೋಷ ಪೂರ್ತಿಯಾಗಲಿಲ್ಲ.

ಅಲ್ಲಿ ಮಂಗಳೂರಿನ ರೋಷನ್ ಎಂಬವನೊಬ್ಬ ಹಳೆಯ ಕಾರುಗಳ ಭಾಗಗಳನ್ನು ಹರಡಿಕೊಂಡು ಬಿಸಿಲಿಗೆ ಬೇಯುತ್ತಿದ್ದ. ಎಲ್ಲದರ ನಡುವೆ ಆ ಕೆಂಪು ಬಾಗಿಲಿತ್ತು. ಕುಷ್ಟಣ್ಣ ಕೂತು ಅದರ ಹಿಡಿಯನ್ನು ತಿರುಗಿಸಿದ. ಚಿಲಕದ ನಾಲಿಗೆ ಟಕ್ ಎಂದು ಒಳಗೆ ಹೋಗಿ ಹೊರಗೆ ಬಂತು. ಇನ್ನೊಮ್ಮೆ ತಿರುಗಿಸಿದ. ರೋಷನ್ ಅವನನ್ನು ನೋಡಿ, “ಡಾಕ್ಟ್ರಮ್ಮನ ಕಡೆಯವರಾ? ಎಡಬಾಗಿಲು ಕೇಳಿದ್ದು ನೀವೇ ಅಲ್ವಾ?” ಎಂದು ಕೇಳಿದ.

“ಹೌದೌದು,” ಎಂದ ಕುಷ್ಟಣ್ಣ.

ಬದಲಿಗೆ ಏನು ತಂದಿದ್ದೀರಿ ಎಂಬ ಪ್ರಶ್ನೆ ಬಂತು. ಕುಷ್ಟಣ್ಣ ಏನೂ ತಂದಿರಲಿಲ್ಲ. ರೋಷನ್‌ನ ಕಣ್ಣು ಕುರ್ಚಿಯ ರಾಶಿಯ ಮೇಲಿದ್ದ ನೀಲಿ ಟಾರ್ಪಾಲಿನ ಮೇಲೆ ಬಿತ್ತು. ತಲೆಯ ಮೇಲೆ ಅದನ್ನೊಂದು ಕಟ್ಟಿಕೊಟ್ಟರೆ ಬಾಗಿಲಲ್ಲ, ಬೇಕಾದ್ದನ್ನು ಒಯ್ಯಬಹುದು ಎಂದ. ಬಿಸಿಲಿಗೆ ಅವನ ಯೋಚನೆಯೂ ಕರಗಿತ್ತು ಎಂದು ಕಾಣುತ್ತದೆ. ಕುಷ್ಟಣ್ಣ ನಾಲ್ಕು ಕಂಬ ನೆಟ್ಟು ಟಾರ್ಪಾಲು ಕಟ್ಟಿದ. ಬಾಗಿಲು ಅವನದಾಯಿತು. ಅದನ್ನು ಇಟ್ಟುಕೊಂಡು ಏನು ಮಾಡುವುದು ಎಂಬ ಪ್ರಶ್ನೆ ಅವನಿಗೆ ಹೊಳೆಯಲಿಲ್ಲ. ಇಷ್ಟು ಚಂದದ್ದನ್ನು ತುಂಗಾಳಿಗೆ ತೋರಿಸಬೇಕು ಎಂಬುದಷ್ಟೇ ಹೊಳೆಯಿತು. ಟೆಂಪೋವನ್ನೂ ಕೆಲಸದವರನ್ನೂ ಸಂಜೆಯ ತನಕ ಮೈದಾನದಲ್ಲೇ ಬಿಟ್ಟು, ಹಸಿದ ಹೊಟ್ಟೆಯಲ್ಲಿ ಬಸ್ಸು ಹತ್ತಿದ.

ಬಸ್ಸಿನಲ್ಲಿ ನೆರೆಮನೆಯ ಸೀತು ಇದ್ದಳು. ಕುಂದಾಪುರದಲ್ಲಿ ಮೀನು ಮಾರಿ ಖಾಲಿ ಬುಟ್ಟಿ ಹಿಡಿದು ಹೊರಟವಳು. ಕುಷ್ಟಣ್ಣನನ್ನೂ ಬಾಗಿಲನ್ನೂ ಎರಡು ಸಲ ನೋಡಿ ಕೇಳಿದಳು, “ಕುಷ್ಟಣ್ಣ, ಎಂತ ಇದ್?”

“ಕಾರಿನ್ ಬಾಗ್ಲ್.”

“ಕಾರ್ ಎಲ್ಲಿತ್ತ್?”

“ಕಾರ್ ಇಲ್ಲೆ ಮಾರಾಯ್ತಿ. ನಂಗೆ ಸಿಕ್ಕದ್ದ್ ಇದೊಂದೇ.”

ಮುಂದಿನ ಸೀಟಿನವರು ಎದ್ದು ಜಾಗ ಕೊಟ್ಟರು. ಯಾರೋ ನೀರಿನ ಬಾಟಲಿ ಚಾಚಿದರು. ಕಂಡಕ್ಟರ್ ಲಗೇಜಿನ ಮಾತೆತ್ತದೆ, ಮೆಲ್ಲಗೆ ಇಳಿಯಿರಿ ಎಂದು ತೋಳು ಹಿಡಿದು ಇಳಿಸಿದ. ಇದೆಲ್ಲ ಬಾಗಿಲಿಗೆ ಸಲ್ಲುತ್ತಿರುವ ಮರ್ಯಾದೆ ಎಂದು ಕುಷ್ಟಣ್ಣ ತಿಳಿದುಕೊಂಡ. ಹಳೆಯ ವಸ್ತುಗಳ ಬಗ್ಗೆ ನಮ್ಮ ಜನರಿಗೆ ಇಷ್ಟು ಗೌರವವಿದೆ ಎಂಬುದು ಅವನಿಗೆ ಗೊತ್ತಿರಲಿಲ್ಲ.

ಬಾಗಿಲು ಭಾರವಾಗಿತ್ತು. ಸ್ಟಾಪಿನಿಂದ ಮನೆಗೆ ಅವನು ಅಲ್ಲಲ್ಲಿ ಕೂತು ಸುಧಾರಿಸಿಕೊಳ್ಳುತ್ತ ಹೋಗಬೇಕಾಯಿತು. ಸೀತುವಿನ ಫೋನಿಗೆ ಅಂಥ ಕಷ್ಟವಿರಲಿಲ್ಲ. ಕಾರು ಇಲ್ಲ, ಬಾಗಿಲು ಮಾತ್ರ ಸಿಕ್ಕಿದೆ ಎಂದು ಅವಳು ಒಬ್ಬರಿಗೆ ಹೇಳಿದಳು. ಆ ಒಬ್ಬರು, ಕಾರು ಹೊಳೆಗೆ ಬಿದ್ದಿತಂತೆ ಎಂದು ಸೇರಿಸಿದರು. ಕೆಂಪು ಕಾರು ಎಂಬುದು ನಿಜವಾದ್ದರಿಂದ ಉಳಿದದ್ದೂ ನಿಜವೇ ಇರಬೇಕು ಎಂದು ಮೂರನೆಯವರು ನಂಬಿದರು. ಕುಷ್ಟಣ್ಣ ಅಂಗಳಕ್ಕೆ ಬಂದಾಗ ಅಂಗಳದಲ್ಲಿ ಜನ ತುಂಬಿದ್ದರು. ಎರಡು ಕುರ್ಚಿಯನ್ನು ಅವನದೇ ಅಂಗಡಿಯಿಂದ ತಂದು ಹಾಕಿದ್ದರು.

ತುಂಗಾ ಓಡಿಬಂದು ಅವನ ತಲೆ, ಕೈ, ಮೊಣಕಾಲು ಎಲ್ಲ ಮುಟ್ಟಿ ನೋಡಿದಳು. ಎಲ್ಲಿ ಪೆಟ್ಟಾಯಿತು ಎಂದು ಕೇಳಿದಳು. ಪೆಟ್ಟು ಇಲ್ಲ, ನಿನ್ನ ಟಾರ್ಪಾಲು ಕೊಟ್ಟು ಈ ಬಾಗಿಲು ತಂದೆ ಎಂದು ಕುಷ್ಟಣ್ಣ ಸತ್ಯವನ್ನೇ ಹೇಳಿದ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ತಲಿಗೇ ಪೆಟ್ಟ್ ಬಿದ್ದದ್ದ್,” ಎಂದಳು ಸೀತು. “ಹೊರಗ್ ಕಾಂತಿಲ್ಲೆ, ಒಳ್ಗೆ.”

ಅವನನ್ನು ಜಗಲಿಯಲ್ಲಿ ಮಲಗಿಸಿ ಹಣೆಗೆ ಒದ್ದೆ ಬಟ್ಟೆ ಹಾಕಿದರು. ಎದ್ದು ಕೂತು ಇನ್ನೊಮ್ಮೆ ಹೇಳಿದ, ಇನ್ನೊಮ್ಮೆ ಮಲಗಿಸಿದರು. ಮೂರನೆಯ ಸಲ ಮಲಗಿದಾಗ ಕುಷ್ಟಣ್ಣನಿಗೇ ಸಂಶಯ ಬಂತು. ಇಷ್ಟು ಜನ ಹೇಳುವಾಗ ಏನಾದರೂ ಆಗಿರಲೂಬಹುದು. ಬಟ್ಟೆಯ ಅಡಿಯಲ್ಲೇ ಕೈ ಹಾಕಿ ತಲೆಯನ್ನು ಮೆಲ್ಲಗೆ ಒತ್ತಿ ನೋಡಿಕೊಂಡ.

ಈಗ ಮುಖ್ಯ ಪ್ರಶ್ನೆ, ಕಾರು ಯಾರದು ಎಂಬುದು. ಕುಷ್ಟಣ್ಣನಿಗೆ ಕಾರಿಲ್ಲ. ಅಂದರೆ ಅವನು ಯಾರದೋ ಕಾರಿನಲ್ಲಿ ಇದ್ದಿರಬೇಕು. ನಮ್ಮ ಪೈಕಿಯಲ್ಲಿ ಕೆಂಪು ಕಾರು ಯಾರಿಗಿದೆ ಎಂದು ಹುಡುಕಿದಾಗ, ಬ್ರಹ್ಮಾವರದಲ್ಲಿರುವ ತುಂಗಾಳ ಅಕ್ಕ ವಿನಯಾಳ ಮಗ ಮನೀಶನಿಗೆ ಇದೆ ಎಂದು ನೆನಪಾಯಿತು. ಮನೀಶ ಬ್ಯಾಂಕಿನಲ್ಲಿ ಕೆಲಸ ಮಾಡುವವನು. ಅವನಿಗೆ ಫೋನು ಮಾಡಿದರು, ಸ್ವಿಚ್ ಆಫ್ ಎಂದಿತು. ವಿನಯಾಳಿಗೆ ಮಾಡಿದರು. ಮಗ ಬೆಳಿಗ್ಗೆಯೇ ಕಾರು ತೆಗೆದುಕೊಂಡು ಹೋಗಿದ್ದಾನೆ, ಎಲ್ಲಿಗೆ ಎಂದು ಹೇಳಲಿಲ್ಲ, ಯಾಕೆ ಕೇಳುತ್ತೀರಿ ಎಂದಳು. ಯಾಕೆ ಎಂದು ಹೇಳಲು ಯಾರಿಗೂ ಧೈರ್ಯ ಬರದೆ, ಏನೂ ಇಲ್ಲ, ನೀವು ಹೆದರಬೇಡಿ, ಕೂಡಲೇ ಹೊರಟು ಬನ್ನಿ ಎಂದರು. ಈ ಮಾತು ಕೇಳಿ ಹೆದರದ ತಾಯಿ ಇನ್ನೂ ಹುಟ್ಟಿಲ್ಲ. ವಿನಯಾ ಬಾಡಿಗೆ ಕಾರಿನಲ್ಲಿ, ದಾರಿಯುದ್ದಕ್ಕೂ ಹೊಳೆ ಬಂದಲ್ಲೆಲ್ಲ ಕಿಟಕಿಯಿಂದ ಇಣುಕುತ್ತ ಬಂದಳು.

ಅವಳ ಹಿಂದೆಯೇ ಹೆಡ್ ಕಾನ್‌ಸ್ಟೇಬಲ್ ರತನ್ ಬೈಕಿನಲ್ಲಿ ಬಂದ. ಅಪಘಾತ ತಲ್ಲೂರಿನಲ್ಲೋ ಹೆಮ್ಮಾಡಿಯಲ್ಲೋ ಎಂದು ಠಾಣೆಗೆ ಬೇರೆ ಬೇರೆ ಸುದ್ದಿ ಹೋಗಿತ್ತಂತೆ. ರತನ್ ನಿಧಾನದ ಮನುಷ್ಯ. ಬಾಗಿಲನ್ನು ಹಲಸಿನ ಮರಕ್ಕೆ ಒರಗಿಸಿ, ಅದರ ಎದುರು ಕುಕ್ಕರಗಾಲಲ್ಲಿ ಕೂತು, ಮೇಲಿಂದ ಕೆಳಗೆ ನೋಡಿದ. ಒಂದು ಗೀರೂ ಇರಲಿಲ್ಲ. ಗೀರಿಲ್ಲದ ಬಾಗಿಲಿಗೆ ಅಪಘಾತ ಆಗಿಲ್ಲ ಎಂದು ನೀವು ನಾನು ತಿಳಿಯುತ್ತೇವೆ. ರತನ್ ಹಾಗೆ ಅವಸರ ಮಾಡುವವನಲ್ಲ. ಡಿಕ್ಕಿ ಹೊಡೆಯುವ ಮೊದಲೇ ಬಾಗಿಲು ಕಿತ್ತು ಹಾರಿದೆ ಅಂದರೆ ಕಾರು ಎಷ್ಟು ಜೋರಿನಲ್ಲಿತ್ತು ಎಂದು ಲೆಕ್ಕ ಹಾಕಿ ಎಂದು ಜನರಿಗೆ ಹೇಳಿದ. ವಿನಯಾ ಸೆರಗು ಬಾಯಿಗೆ ಒತ್ತಿಕೊಂಡಳು.

“ಬಾಗ್ಲ್ ಇಲ್ಲಿತ್ತ್,” ಎಂದ ರತನ್. “ಹಾಂಗಾರೆ ಬಾಗ್ಲಿಲ್ಲದ್ ಕಾರ್ ಎಲ್ಲಾರೂ ಇರ್‍ಕಲೆ. ಅದನ್ನ್ ಹುಡ್ಕುವ.”

ಹುಡುಕಲು ಹೊರಡುವ ಮುಂಚೆ ಅವನು ಹಿಡಿಯನ್ನು ಒಮ್ಮೆ ತಿರುಗಿಸಿ ನೋಡಿದ. ನಾಲಿಗೆ ಟಕ್ ಎಂದಿತು. ಅವನ ಮುಖ ಸ್ವಲ್ಪ ಅರಳಿತು. ಇನ್ನೊಮ್ಮೆ ತಿರುಗಿಸಿದ. ಆಮೇಲೆ ಪಕ್ಕದ ಮನೆಯವರು ತಿರುಗಿಸಿದರು, ಬಾಡಿಗೆ ಕಾರಿನ ಡ್ರೈವರು ತಿರುಗಿಸಿದ, ಸೀತು ಕೈ ತೊಳೆದುಕೊಂಡು ಬಂದು ತಿರುಗಿಸಿದಳು. ದುಃಖದ ಮನೆ ಎಂಬುದು ಎಲ್ಲರಿಗೂ ನೆನಪಿತ್ತು, ಆದರೂ ಮರದ ಬುಡದಲ್ಲಿ ಒಂದು ಸಣ್ಣ ಸಾಲು ಬೆಳೆಯಿತು. ಜಗಲಿಯಲ್ಲಿ ಮಲಗಿದ್ದ ಕುಷ್ಟಣ್ಣ, ಅಷ್ಟು ಜೋರಾಗಿ ತಿರುಗಿಸಬೇಡಿ ಎಂದು ಒದ್ದೆ ಬಟ್ಟೆಯೊಳಗಿನಿಂದ ಹೇಳುತ್ತಿದ್ದ.

ಅಷ್ಟರಲ್ಲಿ ರಸ್ತೆಯ ಕಡೆಯಿಂದ ಬೋಟಿನ ಇಂಜಿನಿನಂಥ ಒಂದು ಸದ್ದು ಬಂತು. ಕೆಂಪು ಬಣ್ಣದ, ಮಾಡಿಲ್ಲದ, ಎರಡೇ ಸೀಟಿನ ಕುಳ್ಳ ಕಾರೊಂದು ತಿರುಗಿ ಅಂಗಳಕ್ಕೆ ಬಂದು ನಿಂತಿತು. ಸ್ಟಿಯರಿಂಗ್ ಹಿಡಿದಿದ್ದವರು ತಲೆಗೆ ಬಟ್ಟೆ ಬಿಗಿದು ಕಪ್ಪು ಕನ್ನಡಕ ಹಾಕಿದ್ದ ಒಬ್ಬ ವಯಸ್ಸಾದ ಹೆಂಗಸು. ಅವರ ಎಡಕ್ಕೆ, ಸೀಟಿಗೆ ಕಟ್ಟಿದ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು, ಕೂದಲು ನೆಟ್ಟಗೆ ನಿಂತು ಕೂತಿದ್ದವನು ಮನೀಶ. ಅವನ ಪಕ್ಕದಲ್ಲಿ ಬಾಗಿಲಿರಬೇಕಾದಲ್ಲಿ ಬಾಗಿಲಿರಲಿಲ್ಲ.

“ಬಾಕಿ ಕಾರ್ ಬಂತ್,” ಎಂದಳು ಸೀತು.

ವಿನಯಾ ಓಡಿಹೋಗಿ ಮಗನನ್ನು ತಬ್ಬಿಕೊಂಡಳು. ಅವನು ಪೂರ್ತಿ ಇದ್ದಾನೆ ಎಂದು ಖಚಿತವಾದ ಮೇಲೆ ಬೆನ್ನಿಗೊಂದು ಬಿಟ್ಟಳು. ಫೋನು ಏನಾಯಿತು ಎಂದು ಕೇಳಿದಳು. ಬೆಳಿಗ್ಗೆಯಿಂದ ಕಾರುಗಳ ವಿಡಿಯೋ ತೆಗೆದು ಬ್ಯಾಟರಿ ಮುಗಿದಿತ್ತು. ಅವನ ಸ್ವಂತ ಕೆಂಪು ಕಾರು ಮೈದಾನದ ಹೊರಗೆ ನಾಲ್ಕೂ ಬಾಗಿಲುಗಳೊಂದಿಗೆ ಸುಖವಾಗಿ ನಿಂತಿತ್ತು. ಎಡಬಾಗಿಲನ್ನು ಶಾಮಿಯಾನದವರು ಒಯ್ದರು ಎಂದು ರೋಷನ್ ಹೇಳಿದಾಗ, ಅದು ನಮ್ಮ ಚಿಕ್ಕಪ್ಪನೇ ಇರಬೇಕು ಎಂದು ದಾರಿ ತೋರಿಸಲು ಬಂದವನು ಅವನು. ಹಾಗೆ ತೋರಿಸಿದ್ದು ತಪ್ಪಾಯಿತೋ ಎಂಬಂತೆ ಈಗ ಬೆನ್ನು ಉಜ್ಜಿಕೊಳ್ಳುತ್ತಿದ್ದ.

ಆ ಹೆಂಗಸು ಕಪ್ಪು ಕನ್ನಡಕ ತೆಗೆದಾಗ ಎಲ್ಲರಿಗೂ ಗುರುತು ಸಿಕ್ಕಿತು. ಅವರು ಬಸ್ರೂರಿನ ಉಮಾವತಿ ಡಾಕ್ಟ್ರಮ್ಮ. ಸುತ್ತಲಿನ ಊರುಗಳಲ್ಲಿ ಅರ್ಧ ಜನ ಹುಟ್ಟಿದ್ದು ಅವರ ಕೈಯಲ್ಲಿ. ಬಾಗಿಲಿಲ್ಲದೆ ಹೆದ್ದಾರಿಯಲ್ಲಿ ಕಾರು ಓಡಿಸಿದ್ದರ ಬಗ್ಗೆ ಕೇಳಲೆಂದು ರತನ್ ಮುಂದೆ ಬಂದ. ಡಾಕ್ಟ್ರಮ್ಮ ಅವನನ್ನು ದಿಟ್ಟಿಸಿ, ನೀನು ಹುಟ್ಟಿದ ಮೇಲೆ ಎಷ್ಟೋ ಹೊತ್ತು ಅಳದೆ ನಮ್ಮನ್ನೆಲ್ಲ ಹೆದರಿಸಿದವನಲ್ಲವೇ ಎಂದು ಕೇಳಿದರು. ರತನ್ ಟೊಪ್ಪಿ ತೆಗೆದು ಹೌದು ಎಂದ. ವಿಚಾರಣೆ ಅಲ್ಲಿಗೆ ಮುಗಿಯಿತು.

ಡಾಕ್ಟ್ರಮ್ಮ ನೆಟ್ಟಗೆ ಹಲಸಿನ ಮರದ ಬುಡಕ್ಕೆ ಹೋಗಿ, ಬಾಗಿಲಿನ ಮೈಯನ್ನು ಗರ್ಭಿಣಿಯ ಹೊಟ್ಟೆ ನೋಡುವವರ ಹಾಗೆ ಎರಡೂ ಅಂಗೈಯಲ್ಲಿ ಮೆಲ್ಲಗೆ ಒತ್ತಿ ನೋಡಿದರು. ಆ ಕಾರು ಅವರ ಗಂಡನದು. ಅದರಲ್ಲೇ ಇಬ್ಬರೂ ಹಳ್ಳಿಹಳ್ಳಿಗೆ ಹೆರಿಗೆಗೆ ಹೋಗುತ್ತಿದ್ದರು. ಗಂಡ ತೀರಿಕೊಂಡ ವರ್ಷವೇ ಮಳೆಗಾಲದಲ್ಲಿ ಒಂದು ತೆಂಗಿನಮರ ಅದರ ಮೇಲೆ ಬಿದ್ದು ಎಡಬಾಗಿಲು ಹಪ್ಪಳವಾಗಿತ್ತು. ಉಳಿದದ್ದೆಲ್ಲವನ್ನೂ ಒಂದೊಂದಾಗಿ ಸರಿಮಾಡಿಸಿದರೂ ಆ ಬಾಗಿಲಿನ ಜೋಡಿ ಎಲ್ಲಿಯೂ ಸಿಕ್ಕಿರಲಿಲ್ಲ. ಕೊನೆಗೆ ರೋಷನ್ ಎಲ್ಲಿಂದಲೋ ಹುಡುಕಿ ತಂದಿದ್ದ. ಇವರು ಬದಲಿಗೆ ಕೊಡಲೆಂದು ಒಂದು ಜೊತೆ ದೀಪ ಹಿಡಿದುಕೊಂಡು ಹೋಗುವಷ್ಟರಲ್ಲಿ ಬಾಗಿಲು ಬಸ್ಸಿನಲ್ಲಿತ್ತು.

ಕುಷ್ಟಣ್ಣ ಒದ್ದೆ ಬಟ್ಟೆ ತೆಗೆದು ಎದ್ದು ಬಂದ. ಈ ಸಲ ಯಾರೂ ಮಲಗಿಸಲಿಲ್ಲ. ಅವನು ಹೇಳಿದ್ದೆಲ್ಲ ನಿಜವಾಗಿತ್ತು ಎಂಬುದು ಜನರಿಗೆ ಈಗ ಅರ್ಥವಾಗಿತ್ತು. ಆದರೆ ತಲೆಗೆ ಪೆಟ್ಟು ಬಿದ್ದವನೆಂದು ಇದ್ದ ಮರ್ಯಾದೆಯೂ ಅದರೊಂದಿಗೆ ಹೋಯಿತು. ಪೆಟ್ಟಿಲ್ಲದೆಯೇ ಇದನ್ನು ಮಾಡಿದನೇ ಎಂದು ಎಲ್ಲರೂ ನೋಡುತ್ತಿದ್ದರು.

“ತಪ್ಪಾಯ್ತ್ ಡಾಕ್ಟ್ರಮ್ಮ,” ಎಂದ ಅವನು. “ಅವ ಕೇಂಡ, ನಾ ಹೌದ್ ಅಂದೆ. ಬಾಗ್ಲ್ ನಿಮ್ದೇ, ತಕಂಡ್ ಹೋಯ್ನಿ.”

ಸುಮ್ಮನೆ ಒಯ್ಯುವುದಿಲ್ಲ, ಇವತ್ತಿನ ನಿಯಮ ಅದಲು ಬದಲು, ನಿಮಗೇನು ಬೇಕು ಹೇಳಿ ಎಂದರು ಡಾಕ್ಟ್ರಮ್ಮ. ಕುಷ್ಟಣ್ಣನಿಗೆ ಏನು ಬೇಕು ಎಂಬುದು ಅವನ ಕಣ್ಣಿನಲ್ಲೇ ಕಾಣುತ್ತಿತ್ತು. ಅವನು ಕಾರಿನ ಎಡಸೀಟನ್ನು ನೋಡುತ್ತಿದ್ದ. ಬಾಯಿ ತೆರೆಯುವಷ್ಟರಲ್ಲಿ ತುಂಗಾ, ತನಗೆ ತನ್ನ ಟಾರ್ಪಾಲು ಬೇಕು, ನಾಳೆ ಬೆಳಿಗ್ಗೆ ಕಾಯಿ ಒಡೆಯುವುದಿದೆ ಎಂದಳು. ಬಾಗಿಲು ಕೂಡಿಸಿದ ಮೇಲೆ ಮೈದಾನಕ್ಕೆ ಹೋಗಿ ಟಾರ್ಪಾಲು ಬಿಡಿಸಿಕೊಡುವುದು ಎಂದು ತೀರ್ಮಾನವಾಯಿತು.

ಬಾಗಿಲು ಕೂಡಿಸುವ ಕೆಲಸದಲ್ಲಿ ಊರೇ ಭಾಗವಹಿಸಿತು. ಮನೀಶ ಕೆಳಗೆ ಮಲಗಿದ, ರತನ್ ಬಾಗಿಲನ್ನು ಎತ್ತಿ ಹಿಡಿದ, ಶಾಮಿಯಾನದ ಪೆಟ್ಟಿಗೆಯಿಂದ ಬೋಲ್ಟುಗಳು ಬಂದವು. ಮೇಲೆ ಎನ್ನುವವರು, ಕೆಳಗೆ ಎನ್ನುವವರು, ಇದು ಬಲಬಾಗಿಲು ಎನ್ನುವವರು, ಒಳಗೆ ಕೂತರೆ ಎಡವಾಗುತ್ತದೆ ಎನ್ನುವವರು ಎಲ್ಲರೂ ಇದ್ದರು. ಕೊನೆಗೆ ಬಾಗಿಲು ಕೂತಿತು. ಡಾಕ್ಟ್ರಮ್ಮ ಅದನ್ನು ಮೆಲ್ಲಗೆ ತಳ್ಳಿದರು. ಟಕ್ ಎಂದು ಮುಚ್ಚಿತು. ಗೆರೆಗೆ ಗೆರೆ ಹೊಂದಿತ್ತು. ಚಪ್ಪಾಳೆ ಬಿತ್ತು. ಡಾಕ್ಟ್ರಮ್ಮ ಕಪ್ಪು ಕನ್ನಡಕವನ್ನು ಮತ್ತೆ ಹಾಕಿಕೊಂಡರು, ಬಿಸಿಲು ಇರಲಿಲ್ಲವಾದರೂ.

ಒಳಗೆ ಒಬ್ಬರು ಕೂತಾಗ ಬಾಗಿಲು ಜೋತು ಬೀಳುತ್ತದೆಯೇ ಎಂದು ನೋಡಬೇಕಿತ್ತು. ಕುಷ್ಟಣ್ಣ ಪಂಚೆ ಎತ್ತಿ ಕಟ್ಟಿ ಮುಂದೆ ಬಂದ. ಡಾಕ್ಟ್ರಮ್ಮ ಅವನ ಹೊಟ್ಟೆಯನ್ನು ನೋಡಿ, ಮೊದಲು ಹಗುರದವರು ಯಾರಾದರೂ ಆಗಲಿ ಎಂದರು. ತುಂಗಾ, “ನಾ ಕೂಕಂತೆ,” ಎಂದು ಹೋಗಿ ಕೂತಳು. ಮೈಮೇಲೆ ಮನೆಯ ನೈಟಿ, ಹೆಗಲ ಮೇಲೊಂದು ಮೈ ಒರೆಸುವ ಬೈರಾಸ. ಬಾಗಿಲು ಮುಚ್ಚಿದರು. ಜೋತು ಬೀಳಲಿಲ್ಲ. ಸರಿ, ಇಳಿಯಿರಿ ಎಂದರು. ಹಿಡಿ ತಿರುಗಿಸಿದರೆ ನಾಲಿಗೆ ಅಲುಗಲಿಲ್ಲ.

ಒಳಗಿನ ಹಿಡಿ ಸುಮ್ಮನೆ ತಿರುಗಿತು, ಹೊರಗಿನದು ತಿರುಗಲೇ ಇಲ್ಲ. ಮರದ ಬುಡದಲ್ಲಿ ಇಡೀ ಊರು ಅದನ್ನು ತಿರುಗಿಸಿದ್ದರ ಫಲ ಅದು. ಮನೀಶ ಸ್ಕ್ರೂಡ್ರೈವರ್ ಹಾಕಿದ. ರತನ್ ಸರಕಾರದ ವತಿಯಿಂದ ಜಗ್ಗಿದ. ವಿನಯಾ ತೆಂಗಿನೆಣ್ಣೆ ತಂದಳು, ಸೀತು ಸಾಬೂನು ಒಳ್ಳೆಯದು ಎಂದಳು. ತುಂಗಾ ಮಾತ್ರ ಗಾಬರಿಯ ಒಂದು ಚಿಹ್ನೆಯನ್ನೂ ತೋರದೆ ಮಡಿಲಲ್ಲಿ ಕೈಯಿಟ್ಟು ಎದುರಿನ ಗಾಜಿನಿಂದ ಅಂಗಳವನ್ನು ನೋಡುತ್ತ ಕೂತಿದ್ದಳು. ಡಾಕ್ಟ್ರಮ್ಮ ಹೊತ್ತು ನೋಡಿದರು. ಪ್ರದರ್ಶನ ಮುಗಿಯುತ್ತ ಬಂದಿತ್ತು, ರೋಷನ್ ಗಂಟು ಕಟ್ಟುವ ಸಮಯ. ಈ ನಾಲಿಗೆಯ ಗುಟ್ಟು ಅವನೊಬ್ಬನಿಗೇ ಗೊತ್ತು. ಇವರನ್ನು ಹೀಗೇ ಕರೆದುಕೊಂಡು ಹೋಗದೆ ಬೇರೆ ದಾರಿಯಿಲ್ಲ ಎಂದು ಗಾಡಿ ಚಾಲು ಮಾಡಿದರು. ತುಂಗಾ ಬೈರಾಸವನ್ನು ತಲೆಗೆ ಸುತ್ತಿ ಗಲ್ಲದ ಕೆಳಗೆ ಗಂಟು ಹಾಕಿಕೊಂಡಳು.

ಕಾರು ಹೊರಟಾಗ ಕುಷ್ಟಣ್ಣ ಅದರ ಹಿಂದೆ ರಸ್ತೆಯ ತನಕ ಓಡಿದ. ಹೆಂಡತಿ ಒಂದು ಕಾರಿನೊಳಗೆ ಸಿಕ್ಕಿಬಿದ್ದಿದ್ದಾಳೆ, ಅದೂ ತನ್ನಿಂದ. ರತನ್ ಕರುಣೆಯಿಂದ ಅವನನ್ನು ಬೈಕಿನ ಹಿಂದೆ ಕೂರಿಸಿಕೊಂಡ. ಹೀಗಾಗಿ ತಲ್ಲೂರಿನ ರಿಕ್ಷಾ ಸ್ಟ್ಯಾಂಡಿನವರು ಕಂಡದ್ದು ಇಷ್ಟು: ಮುಂದೆ ಕೆಂಪು ಕಾರಿನಲ್ಲಿ ಬಸ್ರೂರಿನ ಡಾಕ್ಟ್ರಮ್ಮನ ಪಕ್ಕ ತುಂಗಾ, ಹಿಂದೆ ಪೊಲೀಸರ ಬೈಕಿನಲ್ಲಿ ಕುಷ್ಟಣ್ಣ. ಕಾರಿನ ಬಾಗಿಲು ಕದ್ದದ್ದಕ್ಕೆ ಅವನನ್ನು ಹಿಡಿದಿದ್ದಾರೆ, ಜಾಮೀನು ಕೊಡಲು ಡಾಕ್ಟ್ರಮ್ಮ ಹೊರಟಿದ್ದಾರೆ ಎಂಬುದು ಕಣ್ಣಿದ್ದ ಯಾರಿಗಾದರೂ ತಿಳಿಯುವಂತಿತ್ತು. ಅವರು ಸೀತುವಿಗೆ ಫೋನು ಮಾಡಿದರು. ಸೀತು ಅಲ್ಲವೆನ್ನಲಿಲ್ಲ.

ಸೇತುವೆಯ ಮೇಲೆ ಗಾಳಿ ಜೋರಾಗಿತ್ತು. ತುಂಗಾ ಒಂದು ಕೈಯನ್ನು ಮೇಲೆತ್ತಿದ್ದು ಕುಷ್ಟಣ್ಣನಿಗೆ ಹಿಂದಿನಿಂದ ಕಂಡಿತು. ಸಹಾಯಕ್ಕೆ ಕರೆಯುತ್ತಿದ್ದಾಳೆ, ಬೇಗ ಹೋಗು ಎಂದು ರತನ್‌ನ ಬೆನ್ನು ತಟ್ಟಿದ. ರತನ್ ಕಣ್ಣು ಕಿರಿದು ಮಾಡಿ ನೋಡಿ, ಅದು ಎದುರಿನ ಬಸ್ಸಿನವರಿಗೆ ಟಾಟಾ ಮಾಡುತ್ತಿರುವುದು ಎಂದ.

ಅವರು ಮೈದಾನ ತಲುಪಿದಾಗ ಅರ್ಧ ಕಾರುಗಳು ಹೊರಟುಹೋಗಿದ್ದವು. ಡಾಕ್ಟ್ರಮ್ಮನ ಕಾರಿನ ಎಡಬಾಗಿಲು ಮುಚ್ಚಿಯೇ ಇತ್ತು. ಸೀಟು ಖಾಲಿ. ಸ್ವಲ್ಪ ಆಚೆ ತುಂಗಾ ಮತ್ತು ರೋಷನ್ ನೀಲಿ ಟಾರ್ಪಾಲಿನ ಎರಡೆರಡು ಮೂಲೆ ಹಿಡಿದು ಮಡಚುತ್ತಿದ್ದರು. ಬಿಸಿಲು ಇಳಿದಿತ್ತಾದ್ದರಿಂದ ಅವನಿಗೆ ಅದನ್ನು ಬಿಟ್ಟುಕೊಡಲು ಏನೂ ಅಡ್ಡಿಯಿರಲಿಲ್ಲ. ಡಾಕ್ಟ್ರಮ್ಮ ತಂದಿದ್ದ ಜೊತೆ ದೀಪ ಅವನ ಗಂಟಿನಲ್ಲಿ ಆಗಲೇ ಸೇರಿತ್ತು.

ಬಾಗಿಲು ತೆಗೆದದ್ದು ಹೇಗೆ ಎಂದು ಕುಷ್ಟಣ್ಣ ಕೇಳಿದ. ತಾನಿನ್ನೂ ಅದನ್ನು ಮುಟ್ಟಿಲ್ಲ ಎಂದ ರೋಷನ್.

“ಎದ್ದ್ ನಿಂತ್ ಕಾಲ್ ಆಚಿಗ್ ಹಾಕ್ದೆ,” ಎಂದಳು ತುಂಗಾ. “ಮಾಡ್ ಇಲ್ಲದ್ ಕಾರ್ ಅಲ್ದಾ ಅದ್.”

ರತನ್ ಕಾರನ್ನು ನೋಡಿದ, ಬಾಗಿಲನ್ನು ನೋಡಿದ, ಅದು ತನ್ನ ಸೊಂಟಕ್ಕೂ ಬರುವುದಿಲ್ಲ ಎಂಬುದನ್ನು ನೋಡಿದ. ಡಾಕ್ಟ್ರಮ್ಮ ಕನ್ನಡಿಯ ಮೇಲಿನ ಇಲ್ಲದ ಧೂಳನ್ನು ಬಹಳ ಆಸಕ್ತಿಯಿಂದ ಒರೆಸುತ್ತಿದ್ದರು.

“ಹಾಂಗಾರೆ ಮನೆಯಂಗೇ ಇಳುಕ್ ಆತಿತ್ತಲೆ?” ಎಂದು ಕೇಳಿದ ಕುಷ್ಟಣ್ಣ, ಅಂಗಳದಲ್ಲಿ ಎಲ್ಲರೂ ಹಿಡಿ ಜಗ್ಗಿದ್ದು ನೆನಪಾಗಿ.

“ಆತಿತ್ತ್,” ಎಂದಳು ತುಂಗಾ, ಟಾರ್ಪಾಲಿನ ಕೊನೆಯ ಮಡಿಕೆಯನ್ನು ಅಂಗೈಯಲ್ಲಿ ಒತ್ತುತ್ತ. “ಇಳ್ದಿದ್ರೆ ನನ್ನ ಈ ಕಾರಂಗೆ ಇಲ್ಲಿವರಿಗೆ ಯಾರ್ ಕರ್ಕಂಡ್ ಬತ್ತಿದ್ರ್?”

ಶಾಮಿಯಾನ ಬಿಚ್ಚಿ ಟೆಂಪೋಗೆ ಹಾಕಿದ ಮೇಲೆ ಕೆಲಸದವರು ತಮ್ಮ ದಾರಿ ಹಿಡಿದರು. ಕುಷ್ಟಣ್ಣ ಸ್ಟಿಯರಿಂಗಿನ ಎದುರು ಕೂತ, ಪಕ್ಕದಲ್ಲಿ ಟಾರ್ಪಾಲು ಮಡಿಲಲ್ಲಿಟ್ಟುಕೊಂಡು ತುಂಗಾ. ಹಸಿವಿನಲ್ಲಿ ಅವನ ಹೊಟ್ಟೆ ಗುಟುರು ಹಾಕುತ್ತಿತ್ತು. ಸ್ವಲ್ಪ ದೂರ ಮುನಿಸಿಕೊಂಡೇ ಓಡಿಸಿದ. ಕುಂದಾಪುರದ ಅಂಚಿನ ಸಂಗಮ್ ದಾಟುವಾಗ ತಡೆಯಲಾರದೆ, ಅಷ್ಟು ಕೆಳಗೆ ಕೂತರೆ ರಸ್ತೆ ಹೇಗೆ ಕಾಣುತ್ತದೆ ಎಂದು ಕೇಳಿದ. ಕೈ ಇಳಿಸಿದರೆ ಮುಟ್ಟುವ ಹಾಗೆ ಕಾಣುತ್ತದೆ ಎಂದಳು. ಕಾಲಿನ ಹತ್ತಿರ ಇಂಜಿನಿನ ಬಿಸಿ ಬರುತ್ತದೆಯೇ ಎಂದು ಕೇಳಿದ. ಬರುತ್ತದೆ, ಒಲೆಯ ಹತ್ತಿರ ಕೂತ ಹಾಗೆ, ಆದರೆ ತಲೆಗೆ ಗಾಳಿ ಎಂದಳು. ಲಾರಿ ಪಕ್ಕಕ್ಕೆ ಬಂದರೆ ಹೆದರಿಕೆ ಆಗುತ್ತದೆಯೇ, ಗೇರ್ ಹಾಕುವಾಗ ಸದ್ದು ಹೇಗೆ, ಡಾಕ್ಟ್ರಮ್ಮ ದಾರಿಯಲ್ಲಿ ಏನು ಮಾತಾಡಿದರು, ಹಾರ್ನು ಹೊಡೆದರೇ, ನಿನಗೂ ಹೊಡೆಯಲು ಕೊಟ್ಟರೇ. ಕೊಟ್ಟರು ಎಂದಳು ತುಂಗಾ, ಎರಡು ಸಲ.

ಕುಷ್ಟಣ್ಣ ಕೇಳುತ್ತ ಹೋದ, ಅವಳು ಹೇಳುತ್ತ ಹೋದಳು. ಮನೆಯಲ್ಲಿ ವಿನಯಾ, ಮನೀಶ, ಸೀತು ಮತ್ತು ಉಳಿದವರೆಲ್ಲ ಜಾಮೀನಿನ ಸುದ್ದಿಗೆ ಕಾಯುತ್ತಿದ್ದರು. ಮನೆಗೆ ತಿರುಗಬೇಕಾದ ತಲ್ಲೂರಿನ ತಿರುವು ಯಾವಾಗ ದಾಟಿತು, ಹೆಮ್ಮಾಡಿ ಯಾವಾಗ ಬಂತು ಎಂದು ಇಬ್ಬರಿಗೂ ತಿಳಿಯಲಿಲ್ಲ. ಎಡಗಡೆ ಸಮುದ್ರ, ಬಲಗಡೆ ಹೊಳೆ ಕಾಣಿಸಿ, ಇದು ಮರವಂತೆ ಎಂದು ಗೊತ್ತಾದಾಗ ಕುಷ್ಟಣ್ಣ ಟೆಂಪೋ ನಿಲ್ಲಿಸಿದ. ಸೂರ್ಯ ಇನ್ನೂ ಪೂರ್ತಿ ಮುಳುಗಿರಲಿಲ್ಲ. ತಿರುಗಿಸಲು ಜಾಗ ಎಲ್ಲಿದೆ ಎಂದು ಅವನು ಹಿಂದೆ ನೋಡುತ್ತಿದ್ದ.

“ಹ್ಯಾಂಗೂ ಬಂದಾಯ್ತಲೆ,” ಎಂದಳು ತುಂಗಾ, ಕಿಟಕಿಯ ಗಾಜನ್ನು ಪೂರ್ತಿ ಕೆಳಗೆ ಇಳಿಸುತ್ತ. “ಇನ್ ಚೂರ್ ಮುಂದೆ ಹೋಪ.”